ತೀವ್ರ ನಿಗಾ ಘಟಕ: ಕಾಲಿನ ಊತಕ್ಕೆ ಗಾಳಿಪಟ್ಟಿಯ ಒತ್ತಡ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ಸೀಮೆಯಲ್ಲಿ ಮರದಿಂದ ಬಿದ್ದು ಬೆನ್ನುಮೂಳೆ, ತೊಡೆಮೂಳೆ ಮುರಿದುಕೊಳ್ಳುವ ಭಯ ಕಾಯಿ ಕೀಳುವವರನ್ನು ಸದಾ ಕಾಡುತ್ತದೆ. ಹೀಗೆ ಬಿದ್ದವರು ತುಮಕೂರು ಅಥವಾ ಬೆಂಗಳೂರಿನ ಆಸ್ಪತ್ರೆಯ ತೀವ್ರ ನಿಗಾ ಘಟಕ ಸೇರಿದಾಗ, ಅಲುಗಾಡದ ಕಾಲೇ ಮತ್ತೊಂದು ಅಪಾಯವಾಗಬಹುದು.

ಊತವೇಕೆ?

ನಡೆಯುವಾಗ ಮೀನಖಂಡದ ಸ್ನಾಯುಗಳು ರಕ್ತವನ್ನು ಹೃದಯದತ್ತ ತಳ್ಳುತ್ತವೆ. ಹಾಸಿಗೆ ಹಿಡಿದಾಗ ಈ ಕೆಲಸ ನಿಂತು, ಸಿರೆಗಳಲ್ಲಿ ರಕ್ತ ಮಡುಗಟ್ಟಿ ಕಾಲು ಊದಿಕೊಳ್ಳುತ್ತದೆ. ನಿಂತ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಕಳಚಿ ಶ್ವಾಸಕೋಶ ತಲುಪಿದರೆ ಪ್ರಾಣಕ್ಕೇ ಸಂಚಕಾರ. ಹೃದಯ, ಮೂತ್ರಪಿಂಡಗಳ ತೊಂದರೆ ಹಾಗೂ ದೇಹಕ್ಕೆ ಏರಿಸಿದ ದ್ರವದಿಂದಲೂ ಊತ ಬರುವುದುಂಟು.

ಸಾಧನದ ಬಗೆ

ಕಾಲಿಗೆ ಸುತ್ತಿದ ಪಟ್ಟಿಗೆ ಯಂತ್ರವು ಗಾಳಿ ತುಂಬಿ, ಕೆಲವು ಸೆಕೆಂಡು ಒತ್ತಿ, ಮತ್ತೆ ಸಡಿಲಿಸುತ್ತದೆ. ಹೀಗೆ ಸ್ನಾಯುಗಳ ಕೆಲಸವನ್ನು ಯಂತ್ರ ಅನುಕರಿಸುತ್ತದೆ. ರಕ್ತಸ್ರಾವದ ಭೀತಿಯಿಂದ ಹೆಪ್ಪುನಿರೋಧಕ ಔಷಧ ಕೊಡಲಾಗದ ಗಾಯಾಳುಗಳಿಗೆ ಇದು ಮುಖ್ಯ ಆಸರೆ.

ಅಧ್ಯಯನಗಳ ಸಾಕ್ಷ್ಯ

ಬ್ರಿಟನ್ನಿನಲ್ಲಿ 2,876 ಪಾರ್ಶ್ವವಾಯು ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ 'ಕ್ಲಾಟ್ಸ್ 3' ಅಧ್ಯಯನದಲ್ಲಿ, ಮೇಲ್ಭಾಗದ ಒಳಸಿರೆಗಳ ಹೆಪ್ಪು ಶೇ 12.1ರಿಂದ ಶೇ 8.5ಕ್ಕೆ ಇಳಿದಿತ್ತು. ಆದರೆ ಭಾರತವೂ ಭಾಗಿಯಾಗಿದ್ದ 2019ರ 'ಪ್ರಿವೆಂಟ್' ಅಧ್ಯಯನ ಬೇರೆಯದೇ ಚಿತ್ರ ನೀಡಿತು. ತೀವ್ರ ನಿಗಾ ಘಟಕದಲ್ಲಿ ಔಷಧದ ಜೊತೆಗೆ ಪಟ್ಟಿಯನ್ನೂ ಹಾಕಿದವರಲ್ಲಿ ಶೇ 3.9, ಔಷಧ ಮಾತ್ರ ಪಡೆದವರಲ್ಲಿ ಶೇ 4.2 ಮಂದಿಗೆ ಹೆಪ್ಪು ಕಂಡಿತು. ಈ ಅಂತರ ಗಣನೀಯವಲ್ಲ. ಅಂದರೆ ಔಷಧ ಪಡೆಯುತ್ತಿರುವ ಎಲ್ಲರಿಗೂ ಪಟ್ಟಿ ಅನಿವಾರ್ಯವಲ್ಲ.

ಯಾರಿಗೆ ಸಲ್ಲದು?

ಕಾಲಿನ ಅಪಧಮನಿ ತೀವ್ರವಾಗಿ ಕಿರಿದಾದವರಿಗೆ, ಪಟ್ಟಿ ಸುತ್ತುವ ಜಾಗದಲ್ಲಿ ಹುಣ್ಣು ಅಥವಾ ಸೋಂಕು ಇರುವವರಿಗೆ, ಹೃದಯ ವೈಫಲ್ಯದಿಂದ ಶ್ವಾಸಕೋಶದಲ್ಲಿ ನೀರು ತುಂಬಿದವರಿಗೆ ಇದು ಸಲ್ಲದು. ಈಗಾಗಲೇ ಹೆಪ್ಪುಗಟ್ಟಿರುವ ಶಂಕೆಯಿದ್ದರೆ ಮೊದಲು ಡಾಪ್ಲರ್ ಸ್ಕ್ಯಾನ್ ಆಗಬೇಕು. ಪಟ್ಟಿಯನ್ನು ದಿನವೂ ಬಿಚ್ಚಿ ಚರ್ಮ ಪರೀಕ್ಷಿಸುವುದು ಅಗತ್ಯ. ಮಧುಮೇಹದಿಂದ ಕಾಲು ಮರಗಟ್ಟಿದವರಿಗೆ ಗಾಯವಾದರೂ ಅರಿವಾಗದು.

ಬಂಧುಗಳು ಗಮನಿಸಬೇಕಾದದ್ದು

ಊದಿದ ಕಾಲಿಗೆ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕುವುದು ಮನೆಮಂದಿಯ ಅಕ್ಕರೆಯ ಉಪಚಾರ. ಆದರೆ ಒಳಗೆ ಹೆಪ್ಪಿದ್ದರೆ ಆ ತಿಕ್ಕಾಟದಿಂದಲೇ ಅದು ಕಳಚಬಹುದು. ಒಂದೇ ಕಾಲು ಊದಿ, ಬಿಸಿಯಾಗಿ ನೋಯುತ್ತಿದ್ದರೆ ತಕ್ಷಣ ದಾದಿಯರಿಗೆ ತಿಳಿಸಬೇಕು. ಹಠಾತ್ ಉಸಿರುಕಟ್ಟಿದರೆ, ಎದೆನೋವು ಬಂದರೆ ಕ್ಷಣವೂ ತಡಮಾಡಬಾರದು. ಮನೆಗೆ ಮರಳಿದ ನಂತರದ ವಾರಗಳಲ್ಲೂ ಈ ಎಚ್ಚರಿಕೆ ಅಗತ್ಯ.