ಸಿಂಧೂ ನದಿಗಳ ಪಾಲುಪಟ್ಟಿ

ಮನೆ ಪಾಲಾಗುವಾಗ ಪಾತ್ರೆಪಡಗಗಳನ್ನು ಎಣಿಸಿ ಹಂಚಬಹುದು; ಹಿತ್ತಿಲ ಬಾವಿಯನ್ನು ಹಂಚುವುದು ಹೇಗೆ? 1947ರ ಆಗಸ್ಟಿನಲ್ಲಿ ಪಂಜಾಬು ಎರಡಾದಾಗ ಒದಗಿದ ತೊಡಕು ಇದೇ. ನೀರನ್ನು ಕಾಲುವೆಗಳಿಗೆ ತಿರುಗಿಸುವ ಅಣೆಗಳು, ರಾವಿಯ ಮಾಧೋಪುರದ್ದೂ ಸಟ್ಲೆಜಿನ ಫಿರೋಜಪುರದ್ದೂ, ಭಾರತದಲ್ಲಿ ಉಳಿದುವು. ಅವುಗಳ ನೀರುಂಡು ಬೆಳೆಯುತ್ತಿದ್ದ ಹೊಲಗಳಲ್ಲಿ ಅನೇಕವು ಗೆರೆಯಾಚೆಗೆ ಹೋದುವು.

ಹಳೆಯ ಏರ್ಪಾಡನ್ನೇ ಮುಂದುವರಿಸುವ ತಾತ್ಕಾಲಿಕ ಒಡಂಬಡಿಕೆಯು 1948ರ ಮಾರ್ಚಿ 31ಕ್ಕೆ ಮುಗಿಯಿತು. ಮರುದಿನವೇ ಪೂರ್ವ ಪಂಜಾಬಿನ ಸರಕಾರವು ನೀರನ್ನು ತಡೆಯಿತು. ಆಚೆ ಬಿತ್ತನೆಯ ಕಾಲ ಸಮೀಪಿಸಿದ್ದಿತು. ಮೇ 4ರ ದೆಹಲಿಯ ಒಪ್ಪಂದದಿಂದ ಆ ತಡೆಯೇನೋ ತೀರಿತು, ವ್ಯಾಜ್ಯವು ತೀರಲಿಲ್ಲ. ನೀರು ತನ್ನ ಸ್ವತ್ತೆಂದು ಪೂರ್ವ ಪಂಜಾಬು ಹಣ ಕೇಳಿತು. ಬಹುಕಾಲದ ಬಳಕೆಯೇ ಹಕ್ಕೆಂದು ಪಾಕಿಸ್ತಾನವು ವಾದಿಸಿತು. ವಿವಾದದ ಮೊಬಲಗನ್ನು ರಿಜರ್ವ್ ಬ್ಯಾಂಕಿನಲ್ಲಿ ಠೇವಣಿಯಿಡುವುದೆಂದಾಯಿತು. ತಕರಾರಿನ ಗೇಣಿಯನ್ನು ಕೋರ್ಟಿನಲ್ಲಿ ಕಟ್ಟಿದವರಿಗೆ ಈ ಕ್ರಮವು ಹೊಸತಲ್ಲ.

ಅಮೆರಿಕದ ಟೆನೆಸಿ ಕಣಿವೆಯ ಯೋಜನೆಯನ್ನು ನಡೆಯಿಸಿದ್ದ ಡೇವಿಡ್ ಲಿಲಿಯೆಂಥಾಲರು 1951ರಲ್ಲಿ ಬಂದು ನೋಡಿ, ಉಭಯ ರಾಷ್ಟ್ರಗಳೂ ಕೂಡಿ ನದಿಗಳನ್ನು ಒಂದಾಗಿಯೇ ಬೆಳೆಯಿಸಬೇಕೆಂದು ಬರೆದರು. ಬಳಕೆಯಿಲ್ಲದೆ ಸಮುದ್ರ ಸೇರುವ ನೀರನ್ನು ಹಿಡಿದರೆ ಇಬ್ಬರಿಗೂ ಸಾಕೆಂಬುದು ಅವರ ಲೆಕ್ಕ. ಲೆಕ್ಕವೇನೋ ಸರಿ. ಆದರೆ ತನ್ನ ಕಣಜದ ಬೀಗದಕೈ ನೆರೆಯವನ ಸೊಂಟದಲ್ಲಿರುವುದಕ್ಕೆ ಯಾವನು ಒಪ್ಪುವನು? 1954ರಲ್ಲಿ ಮಧ್ಯಸ್ಥನಾದ ವಿಶ್ವಬ್ಯಾಂಕು, ನೀರನ್ನು ಬಿಟ್ಟು ನದಿಗಳನ್ನೇ ಹಂಚಿಕೊಳ್ಳಿರೆಂದು ಸೂಚಿಸಿತು. 1960ರ ಸೆಪ್ಟೆಂಬರ್ 19ರಂದು ಕರಾಚಿಯಲ್ಲಿ ನೆಹರೂ ಮತ್ತು ಅಯೂಬ್ ಖಾನರು ರುಜು ಹಾಕಿದರು. ರಾವಿ, ಬಿಯಾಸ್, ಸಟ್ಲೆಜ್ ಭಾರತಕ್ಕೆ. ಸಿಂಧೂ, ಝೇಲಂ, ಚೀನಾಬ್‌ಗಳು, ಭಾರತಕ್ಕೆ ಬಿಟ್ಟ ಕೆಲವು ಮಿತ ಬಳಕೆಗಳ ಹೊರತು, ಪಾಕಿಸ್ತಾನಕ್ಕೆ.

ಇಲ್ಲಿಯೇ ಹಣದ ಮಾತು ಬರುವುದು. ಪೂರ್ವದ ನದಿಗಳನ್ನು ನಂಬಿದ್ದ ಹೊಲಗಳಿಗೆ ಇನ್ನು ಪಶ್ಚಿಮದ ನೀರನ್ನು ದೂರದಿಂದ ತರಬೇಕು. ಆ ಕಾಲುವೆಗಳಿಗಾಗಿ ಭಾರತವು 6,20,60,000 ಪೌಂಡುಗಳನ್ನು ಹತ್ತು ವಾರ್ಷಿಕ ಕಂತುಗಳಲ್ಲಿ ಕೊಡಲೊಪ್ಪಿತು. ಉಳಿದ ಬಹುಭಾಗವನ್ನು ಬ್ಯಾಂಕೂ ಇತರ ದೇಶಗಳೂ ಹೊತ್ತುವು. ಇದು ನೀರಿನ ಬೆಲೆಯಲ್ಲ, ನೀರಿನ ದಾರಿ ಬದಲಾದುದರ ಬೆಲೆ. 1965ರ ಯುದ್ಧದಿಂದಲೂ ಕಂತುಗಳು ಮುರಿಯಲಿಲ್ಲ. 1967ರಲ್ಲಿ ಝೇಲಂಗೆ ಮಂಗಲಾ ಅಣೆಕಟ್ಟು ಮುಗಿಯಿತು, ತರುವಾಯ ಸಿಂಧೂವಿಗೆ ತರ್ಬೇಲಾ. ಕೂಡಿ ಬಾಳಿದ್ದರೆ ಈ ವೆಚ್ಚದಲ್ಲಿ ಎಷ್ಟೋ ಉಳಿಯುತ್ತಿದ್ದಿತೆಂದು ಅರ್ಥಶಾಸ್ತ್ರಜ್ಞರು ಹೇಳಬಹುದು. ಅದನ್ನು ದುಂದೆನ್ನಲು ನನಗೆ ಮನಸ್ಸಿಲ್ಲ. ನಂಬಿಕೆ ಕೆಟ್ಟ ಎರಡು ಮನೆಗಳ ನಡುವೆ ಗೋಡೆಗೆ ತಗಲಿದ ಹಣವೂ ಸಂಸಾರದ ಖರ್ಚೇ.

2025ರ ಏಪ್ರಿಲಿನಲ್ಲಿ, ಪಹಲ್ಗಾಮಿನ ಹತ್ಯೆಗಳ ತರುವಾಯ, ಭಾರತವು ಈ ಒಪ್ಪಂದವನ್ನು ಅಮಾನತಿನಲ್ಲಿಟ್ಟಿತು. ಹತ್ತು ಕಂತುಗಳು ಸಂದು ಆ ವೇಳೆಗೆ ಅರ್ಧ ಶತಮಾನ ಕಳೆದಿದ್ದಿತು.