ಕೆರೆಗಳ ಭೂಮಾಪನ ಹಾಗೂ ಗಡಿ ಗುರುತಿಸುವಿಕೆ: ಹೊಸ ತಿಪ್ಪಸಂದ್ರ ಮತ್ತು ಸುತ್ತಲಿನ ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ಬೆಂಗಳೂರು ಪೂರ್ವ ಭಾಗದ ಅನೇಕ ಬಡಾವಣೆಗಳು ಕೆರೆಗಳ ಅಚ್ಚುಕಟ್ಟಿನಲ್ಲಿ ಮತ್ತು ಅವುಗಳ ಅಂಚಿನಲ್ಲಿ ಬೆಳೆದಿರುತ್ತವೆ. ತಿಪ್ಪಸಂದ್ರ, ಬೈರಸಂದ್ರ ಮುಂತಾದ ಊರುಗಳ ಹೆಸರಿನ ಕೊನೆಯ ‘ಸಂದ್ರ’ ಎಂಬುದು ‘ಸಮುದ್ರ’ ಶಬ್ದದ ರೂಪವಾಗಿದ್ದು, ದೊಡ್ಡ ಕೆರೆ ಎಂಬ ಅರ್ಥವನ್ನು ಸೂಚಿಸುತ್ತದೆ. ಹೊಸ ತಿಪ್ಪಸಂದ್ರದ ಸುತ್ತ ಬೈರಸಂದ್ರ, ಕಗ್ಗದಾಸಪುರ ಹಾಗೂ ವಿಭೂತಿಪುರ ಕೆರೆಗಳು ಇಂದಿಗೂ ಇವೆ. ದೊಮ್ಮಲೂರಿನ ಬಳಿಯ ಚಲ್ಲಘಟ್ಟ ಕೆರೆಯ ಅಂಗಳದಲ್ಲಿ ಈಗ ಗಾಲ್ಫ್ ಮೈದಾನವಿದೆ.

ಕೆರೆಯ ಸಮೀಪದಲ್ಲಿ ನಿವೇಶನ ಖರೀದಿಸುವವರು, ಮನೆ ಕಟ್ಟಿಸುವವರು ಹಾಗೂ ಜಮೀನಿನ ಹದ್ದುಬಸ್ತಿಗೆ ಅರ್ಜಿ ಸಲ್ಲಿಸುವವರು ಮುಖ್ಯವಾಗಿ ತಿಳಿಯಬೇಕಾದ ಅಂಶವೆಂದರೆ: ಕಣ್ಣಿಗೆ ಕಾಣುವ ನೀರಿನ ಅಂಚು ಕೆರೆಯ ಗಡಿಯಲ್ಲ. ಕೆರೆಯ ಗಡಿಯು ಭೂಮಾಪನ ದಾಖಲೆಗಳಲ್ಲಿರುತ್ತದೆ.

2. ನೀರಿನ ಅಂಚು ಏಕೆ ಗಡಿಯಾಗುವುದಿಲ್ಲ?

ಬೆಂಗಳೂರಿನ ಕೆರೆಗಳು ಬಹುತೇಕ ಮಾನವ ನಿರ್ಮಿತವಾದವು. ಕಣಿವೆಗೆ ಅಡ್ಡಲಾಗಿ ಏರಿ ಕಟ್ಟಿ, ನೀರು ಬಿಡಲು ತೂಬನ್ನೂ ಹೆಚ್ಚುವರಿ ನೀರು ಹರಿಯಲು ಕೋಡಿಯನ್ನೂ ಇರಿಸಲಾಗಿದೆ. ಏರಿಯ ಬಳಿ ಮಾತ್ರ ಆಳವಿದ್ದು, ಎದುರಿನ ಹಿನ್ನೀರಿನ ಕಡೆ ನೆಲವು ಬಹಳ ಇಳಿಜಾರಿಲ್ಲದೆ ಹರಡಿಕೊಂಡಿರುತ್ತದೆ. ಉದಾಹರಣೆಗೆ, 200 ಮೀಟರಿಗೆ 1 ಮೀಟರ್ ಇಳಿಜಾರಿರುವ ಕಡೆ ನೀರಿನ ಮಟ್ಟವು ಅರ್ಧ ಮೀಟರ್ ಇಳಿದರೆ ನೀರಿನ ಅಂಚು 100 ಮೀಟರ್ ಹಿಂದೆ ಸರಿಯುತ್ತದೆ. ಬೇಸಿಗೆಯಲ್ಲಿ ಒಣ ಮೈದಾನದಂತೆ ಕಾಣುವ ಜಾಗವು ದಾಖಲೆಯಂತೆ ಕೆರೆಯ ಅಂಗಳವೇ ಆಗಿರಬಹುದು.

ಈ ತೊಡಕು ನಮ್ಮಲ್ಲಿ ಮಾತ್ರ ಇರುವುದಲ್ಲ. ಅಲಾಸ್ಕಾ ಹಾಗೂ ಸೈಬೀರಿಯಾಗಳ ಸದಾ ಹೆಪ್ಪುಗಟ್ಟಿದ ನೆಲದಲ್ಲಿಯೂ ಆಳ ಕಡಿಮೆಯಿರುವ ಅಸಂಖ್ಯ ಸರೋವರಗಳಿವೆ. ದಡದ ಮಣ್ಣಿನಲ್ಲಿರುವ ಹಿಮ ಕರಗಿದಾಗ ದಡ ಕುಸಿದು ಸರೋವರ ಅಗಲವಾಗುತ್ತದೆ; ಕೆಲವು ಬರಿದಾಗುವುದೂ ಉಂಟು. ಅಲ್ಲಿಯ ಮಾಪಕರು ಚಳಿಗಾಲದಲ್ಲಿ ಮಂಜುಗಡ್ಡೆಯನ್ನು ಕೊರೆದು ಕೆಳಗಿನ ನೀರಿನ ಆಳವನ್ನು ಅಳೆಯುತ್ತಾರೆ ಮತ್ತು ಉಪಗ್ರಹ ಚಿತ್ರಗಳನ್ನು ವರ್ಷ ವರ್ಷಕ್ಕೆ ಹೋಲಿಸುತ್ತಾರೆ. ಅಲ್ಲಿ ಹಿಮ ಮಾಡುವ ಕೆಲಸವನ್ನು ಇಲ್ಲಿ ಮಳೆ, ಹೂಳು ಹಾಗೂ ಸುರಿದ ಮಣ್ಣು ಮಾಡುತ್ತವೆ. ಎರಡೂ ಕಡೆ ಒಂದು ದಿನ ಕಂಡ ದಡವನ್ನು ನಂಬಿ ಗಡಿಯನ್ನು ನಿರ್ಧರಿಸಲಾಗದು.

3. ಕೆರೆಯ ಗಡಿಯನ್ನು ತೋರಿಸುವ ದಾಖಲೆಗಳು

(ಅ) ಗ್ರಾಮ ನಕ್ಷೆ: ಗ್ರಾಮದ ಎಲ್ಲ ಸರ್ವೆ ನಂಬರುಗಳು, ಕೆರೆ, ಹಳ್ಳ ಹಾಗೂ ದಾರಿಗಳನ್ನು ತೋರಿಸುತ್ತದೆ.

(ಆ) ಟಿಪ್ಪಣಿ: ಒಂದು ಸರ್ವೆ ನಂಬರಿನ ಮೂಲ ಅಳತೆಯ ನಕ್ಷೆ. ಹಳೆಯ ಟಿಪ್ಪಣಿಗಳಲ್ಲಿ ಅಳತೆಯು ಸರಪಳಿ ಮತ್ತು ಆಣೆಗಳಲ್ಲಿರುತ್ತದೆ. ಒಂದು ಸರಪಳಿ 33 ಅಡಿ. ಅದರ 16ನೇ ಒಂದು ಭಾಗ ಒಂದು ಆಣೆ.

(ಇ) ಆಕಾರಬಂದ್: ಸರ್ವೆ ನಂಬರಿನ ಒಟ್ಟು ವಿಸ್ತೀರ್ಣ, ಖರಾಬು ಹಾಗೂ ಕಂದಾಯದ ವಿವರ.

(ಈ) ಪಹಣಿ: ಹಕ್ಕುದಾರರ ಹೆಸರು, ವಿಸ್ತೀರ್ಣ ಹಾಗೂ ಖರಾಬಿನ ವರ್ಗ.

ಕೆಲವು ಕೆರೆಗಳಿಗೆ ಪ್ರತ್ಯೇಕ ಸರ್ವೆ ನಂಬರ್ ಇರುತ್ತದೆ. ಕೆಲವು ಕೆರೆಗಳು ಒಂದಕ್ಕಿಂತ ಹೆಚ್ಚು ಗ್ರಾಮಗಳ ಸರ್ವೆ ನಂಬರುಗಳಲ್ಲಿ ಹರಡಿರುತ್ತವೆ. ಆದುದರಿಂದ ಒಂದೇ ಗ್ರಾಮದ ನಕ್ಷೆಯನ್ನು ನೋಡಿ ತೀರ್ಮಾನಿಸತಕ್ಕದ್ದಲ್ಲ.

ಕರ್ನಾಟಕ ಭೂಕಂದಾಯ ನಿಯಮಗಳು, 1966ರ ಪ್ರಕಾರ ಖರಾಬು ಎರಡು ವರ್ಗದ್ದಾಗಿರುತ್ತದೆ. ‘ಅ’ ಖರಾಬು ವ್ಯವಸಾಯಕ್ಕೆ ಯೋಗ್ಯವಲ್ಲದ ಭಾಗ. ‘ಬ’ ಖರಾಬು ರಸ್ತೆ, ಕಾಲುದಾರಿ, ಸಾರ್ವಜನಿಕರು ಬಳಸುವ ಕೆರೆ ಹಾಗೂ ಹಳ್ಳ, ಸ್ಮಶಾನ ಮುಂತಾದ ಸಾರ್ವಜನಿಕ ಉದ್ದೇಶದ ಭಾಗ. ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 67ನೇ ಪ್ರಕರಣದಂತೆ, ಇತರರ ಸ್ವತ್ತಲ್ಲದ ಕೆರೆ, ಹಳ್ಳ ಹಾಗೂ ರಸ್ತೆಗಳು ಸರ್ಕಾರದ ಸ್ವತ್ತಾಗಿರುತ್ತವೆ.

ಪಹಣಿಯಲ್ಲಿ ‘ಬ’ ಖರಾಬು 1 ಗುಂಟೆ ಎಂದಿದ್ದರೆ ಅದನ್ನು ಅಲ್ಪವೆಂದು ಭಾವಿಸಬಾರದು. 1 ಗುಂಟೆ ಎಂದರೆ 1,089 ಚದರ ಅಡಿ. 30×40 ಅಳತೆಯ ನಿವೇಶನವು 1,200 ಚದರ ಅಡಿ ಮಾತ್ರ. ಆ ಒಂದು ಗುಂಟೆಯು ಯಾರ ನಿವೇಶನದಲ್ಲಿ ಸೇರಿದೆ ಎಂಬುದರ ಮೇಲೆ ಒಂದು ಕುಟುಂಬದ ಜೀವಮಾನದ ಉಳಿತಾಯ ನಿಂತಿರಬಹುದು.

4. ಕೆರೆಯನ್ನು ಅಳೆಯುವ ಕ್ರಮ

ಮೊದಲು ಟಿಪ್ಪಣಿ ಹಾಗೂ ಗ್ರಾಮ ನಕ್ಷೆಯ ಆಧಾರದ ಮೇಲೆ ಸ್ಥಳದಲ್ಲಿ ಉಳಿದಿರುವ ಬಾಂದುಕಲ್ಲುಗಳನ್ನು ಪತ್ತೆ ಮಾಡಲಾಗುತ್ತದೆ. ಕಲ್ಲು ಸಿಗದಿದ್ದಲ್ಲಿ ಅಕ್ಕಪಕ್ಕದ ಸರ್ವೆ ನಂಬರುಗಳ ಸ್ಥಿರವಾದ ಗುರುತುಗಳಿಂದ ಅಳೆದು ಗಡಿಯನ್ನು ಮರಳಿ ಸ್ಥಾಪಿಸಲಾಗುತ್ತದೆ. ಹಿಂದೆ ಸರಪಳಿಯಿಂದ ಅಳೆಯುತ್ತಿದ್ದರೆ, ಈಗ ಟೋಟಲ್ ಸ್ಟೇಷನ್ ಹಾಗೂ ಉಪಗ್ರಹ ಆಧಾರಿತ ಉಪಕರಣಗಳನ್ನು ಬಳಸಲಾಗುತ್ತದೆ.

ಪೂರ್ಣ ಜಲಮಟ್ಟವನ್ನು ಕೋಡಿಯ ಮಟ್ಟದಿಂದ ತಿಳಿಯಲಾಗುತ್ತದೆ. ಕೋಡಿಯನ್ನು ಒಡೆದು ತಗ್ಗಿಸಿದ್ದರೆ ನೀರು ಹರಡುವ ಪ್ರದೇಶ ಕುಗ್ಗುತ್ತದೆ. ಆದರೆ ದಾಖಲೆಯ ಗಡಿ ಕುಗ್ಗುವುದಿಲ್ಲ. ಕೆರೆಯ ಆಳ ಹಾಗೂ ಹೂಳಿನ ಪ್ರಮಾಣವನ್ನು ಬೇರೆಯಾಗಿ ಅಳೆಯಲಾಗುತ್ತದೆ. ಜೊಂಡು ಬೆಳೆದ, ಆಳ ಕಡಿಮೆಯಿರುವ ಕೆರೆಯಲ್ಲಿ ಶಬ್ದತರಂಗದ ಉಪಕರಣಕ್ಕಿಂತ ಅಳತೆ ಗುರುತಿರುವ ಕೋಲು ಹೆಚ್ಚು ನಂಬಲರ್ಹ. ಈ ಅಳತೆಯು ಹೂಳೆತ್ತುವ ಕಾಮಗಾರಿಗೆ ಉಪಯುಕ್ತವೇ ಹೊರತು ಗಡಿ ನಿರ್ಣಯಕ್ಕಲ್ಲ.

5. ಅರ್ಜಿ ಸಲ್ಲಿಸುವ ಕ್ರಮ

(ಅ) ತಮ್ಮ ಸ್ವತ್ತು ಯಾವ ತಾಲ್ಲೂಕು, ಹೋಬಳಿ ಹಾಗೂ ಗ್ರಾಮದ ಯಾವ ಸರ್ವೆ ನಂಬರಿನಲ್ಲಿದೆ ಎಂಬುದನ್ನು ಮೂಲ ಕ್ರಯಪತ್ರದಿಂದ ಖಚಿತಪಡಿಸಿಕೊಳ್ಳುವುದು. ಬಡಾವಣೆಯ ಹೆಸರು ಮತ್ತು ಅಡ್ಡರಸ್ತೆಯ ಸಂಖ್ಯೆ ಸಾಲದು.

(ಆ) ಆ ಸರ್ವೆ ನಂಬರಿನ ಹಾಗೂ ಪಕ್ಕದ ಕೆರೆಯ ಸರ್ವೆ ನಂಬರಿನ ಪಹಣಿ, ಟಿಪ್ಪಣಿ, ಆಕಾರಬಂದ್ ಹಾಗೂ ಗ್ರಾಮ ನಕ್ಷೆಯ ಪ್ರತಿಗಳನ್ನು ಪಡೆಯುವುದು.

(ಇ) ಜಮೀನಿನ ಹಕ್ಕುದಾರರು ಹದ್ದುಬಸ್ತಿಗಾಗಿ ಭೂಮಾಪನ ಇಲಾಖೆಯ ಮೋಜಿಣಿ ವ್ಯವಸ್ಥೆಯಲ್ಲಿ ಅರ್ಜಿ ಸಲ್ಲಿಸಿ ನಿಗದಿತ ಶುಲ್ಕ ಪಾವತಿಸುವುದು.

(ಈ) ಅಳತೆಯ ದಿನದಂದು ಖುದ್ದಾಗಿ ಹಾಜರಿರುವುದು. ಪಕ್ಕದ ಹಿಡುವಳಿದಾರರಿಗೂ ನೋಟೀಸು ನೀಡಲಾಗುತ್ತದೆ. ಗುರುತುಗಳನ್ನು ನೋಡಿ, ಮಹಜರನ್ನು ಪೂರ್ಣವಾಗಿ ಓದಿಕೊಂಡ ಬಳಿಕವೇ ಸಹಿ ಮಾಡುವುದು.

(ಉ) ಅಳತೆಯ ಬಗ್ಗೆ ಆಕ್ಷೇಪಣೆಯಿದ್ದಲ್ಲಿ ತಾಲ್ಲೂಕಿನ ಭೂ ದಾಖಲೆಗಳ ಸಹಾಯಕ ನಿರ್ದೇಶಕರಿಗೆ ಲಿಖಿತವಾಗಿ ಸಲ್ಲಿಸಿ ಸ್ವೀಕೃತಿ ಪಡೆಯುವುದು.

6. ಕೆರೆಯ ಸುತ್ತಲಿನ ರಕ್ಷಿತ ಅಂತರ

ಗಡಿಯ ಹೊರಗಿದ್ದ ಮಾತ್ರಕ್ಕೆ ಕಟ್ಟಡಕ್ಕೆ ಅನುಮತಿ ದೊರೆಯುವುದಿಲ್ಲ. 2007ರಲ್ಲಿ ಅನುಮೋದನೆಗೊಂಡ ಪರಿಷ್ಕೃತ ಮಹಾಯೋಜನೆ–2015ರಲ್ಲಿ ಕೆರೆಗಳಿಗೆ 30 ಮೀಟರ್, ರಾಜಕಾಲುವೆಗಳಿಗೆ ಅವುಗಳ ದರ್ಜೆಗನುಸಾರ 50, 25 ಹಾಗೂ 15 ಮೀಟರ್ ಅಂತರವನ್ನು ಸೂಚಿಸಲಾಯಿತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2016ರಲ್ಲಿ ಕೆರೆಗಳಿಗೆ 75 ಮೀಟರ್ ನಿಗದಿಪಡಿಸಿತು. ಸರ್ವೋಚ್ಚ ನ್ಯಾಯಾಲಯವು 2019ರ ಮಾರ್ಚ್‌ನಲ್ಲಿ ಈ ನಿರ್ದೇಶನವನ್ನು ರದ್ದುಪಡಿಸಿತು. ಈ ಅಂತರಗಳು ಬದಲಾಗುತ್ತ ಬಂದಿರುವುದರಿಂದ, ತಮ್ಮ ಅರ್ಜಿಯ ದಿನಾಂಕದಂದು ಜಾರಿಯಲ್ಲಿರುವ ಅಂತರವನ್ನು ಯೋಜನಾ ಪ್ರಾಧಿಕಾರದಿಂದ ಲಿಖಿತವಾಗಿ ಪಡೆಯುವುದು ಒಳ್ಳೆಯದು.

7. ಸಾಮಾನ್ಯ ಪ್ರಶ್ನೆಗಳು

ಪ್ರಶ್ನೆ: ನನ್ನ ಸ್ವತ್ತಿಗೆ ಖಾತೆ ಇದೆ, ತೆರಿಗೆ ಕಟ್ಟುತ್ತಿದ್ದೇನೆ. ಇದು ಸಾಲದೇ?
ಉತ್ತರ: ಸಾಲದು. ಖಾತೆಯು ತೆರಿಗೆ ಪಾವತಿಯ ಹೊಣೆಯನ್ನು ಗುರುತಿಸುತ್ತದೆ, ಗಡಿಯನ್ನು ನಿರ್ಣಯಿಸುವುದಿಲ್ಲ.

ಪ್ರಶ್ನೆ: ದಿಶಾಂಕ್ ಆ್ಯಪ್‌ನಲ್ಲಿ ನನ್ನ ನಿವೇಶನ ಕೆರೆಯ ಹೊರಗೆ ಕಾಣುತ್ತದೆ. ಅದನ್ನು ನಂಬಬಹುದೇ?
ಉತ್ತರ: ಮೊದಲ ಪರಿಶೀಲನೆಗೆ ಮಾತ್ರ. ಮೊಬೈಲ್ ತೋರಿಸುವ ಸ್ಥಾನದಲ್ಲಿ ಕೆಲವು ಮೀಟರುಗಳ ವ್ಯತ್ಯಾಸ ಇರಬಹುದು. ಸ್ಥಳ ಅಳತೆಗೆ ಅದು ಬದಲಿಯಲ್ಲ.

ಪ್ರಶ್ನೆ: ಕೆರೆ ಒಣಗಿ ಬಹಳ ವರ್ಷಗಳಾಗಿವೆ. ಈಗಲೂ ಅದು ಕೆರೆಯೇ?
ಉತ್ತರ: ನೀರು ಬತ್ತಿದ ಮಾತ್ರಕ್ಕೆ ದಾಖಲೆಯ ವರ್ಗ ಬದಲಾಗುವುದಿಲ್ಲ.

ಪ್ರಶ್ನೆ: ಕೆರೆ ಒತ್ತುವರಿಯಾಗಿದ್ದರೆ ಯಾರಿಗೆ ದೂರು ನೀಡಬೇಕು?
ಉತ್ತರ: ಸಂಬಂಧಪಟ್ಟ ತಹಶೀಲ್ದಾರರಿಗೆ ಸರ್ವೆ ನಂಬರ್ ಸಹಿತ ಲಿಖಿತ ದೂರು ನೀಡಬಹುದು. ನಗರ ಪಾಲಿಕೆಯ ವಶದಲ್ಲಿರುವ ಕೆರೆಯಾದಲ್ಲಿ ಪಾಲಿಕೆಗೂ ತಿಳಿಸತಕ್ಕದ್ದು. 2025ರ ಸೆಪ್ಟೆಂಬರ್‌ನಿಂದ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಬದಲಿಗೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಹಾಗೂ ಐದು ನಗರ ಪಾಲಿಕೆಗಳಿರುವುದರಿಂದ ತಮ್ಮ ಪಾಲಿಕೆ ಯಾವುದೆಂದು ಮೊದಲು ತಿಳಿದುಕೊಳ್ಳುವುದು. ಕೆರೆಯ ಅಳತೆ ನಕ್ಷೆಯ ಪ್ರತಿಯನ್ನು ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಕೋರಬಹುದಾಗಿದೆ.

8. ಸಾರ್ವಜನಿಕರಲ್ಲಿ ವಿನಂತಿ

ಮುಂಗಡ ಹಣ ಕೊಡುವ ಮುನ್ನ ದಾಖಲೆಗಳನ್ನು ಪರಿಶೀಲಿಸಿ. ಪಾಯ ತೋಡುವ ಮುನ್ನ ಅಳತೆ ಮಾಡಿಸಿ. ಕೆರೆಯ ಗಡಿಕಲ್ಲುಗಳನ್ನು ಕೀಳುವುದು, ಸರಿಸುವುದು ಅಥವಾ ಮುಚ್ಚುವುದನ್ನು ಕಂಡಲ್ಲಿ ಕೂಡಲೇ ತಿಳಿಸಿ. ಆ ಕಲ್ಲು ಕೆರೆಯನ್ನು ಮಾತ್ರವಲ್ಲ, ಅದರ ಪಕ್ಕದಲ್ಲಿ ನ್ಯಾಯವಾಗಿ ಕಟ್ಟಿದ ಮನೆಯನ್ನೂ ಕಾಯುತ್ತದೆ.