ನಕ್ಷೆಯಲ್ಲಿಲ್ಲದ ನೀರು

2002ರ ಜುಲೈ 24ರ ರಾತ್ರಿ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಕ್ವೆಕ್ರೀಕ್ ಎಂಬಲ್ಲಿ, ನೆಲದಿಂದ ಸುಮಾರು 73 ಮೀಟರ್ ಆಳದಲ್ಲಿ ಹದಿನೆಂಟು ಮಂದಿ ಕಾರ್ಮಿಕರು ಕಲ್ಲಿದ್ದಲು ಕಡಿಯುತ್ತಿದ್ದರು. ಪಕ್ಕದಲ್ಲಿ ಹಳೆಯ ಗಣಿಯೊಂದಿತ್ತು. ಅದು ಮುಚ್ಚಿ ಸುಮಾರು ನಾಲ್ಕು ದಶಕಗಳು ಕಳೆದಿದ್ದವು, ಒಳಗೆಲ್ಲ ನೀರು ತುಂಬಿತ್ತು. ಇದು ಎಲ್ಲರಿಗೂ ಗೊತ್ತಿದ್ದ ಸಂಗತಿಯೇ. ಆದರೆ ಕೈಯಲ್ಲಿದ್ದ ನಕ್ಷೆಯ ಪ್ರಕಾರ ಆ ನೀರು ಇನ್ನೂ ಸುಮಾರು 90 ಮೀಟರ್ ದೂರದಲ್ಲಿರಬೇಕಿತ್ತು. ಯಂತ್ರ ಕಲ್ಲಿದ್ದಲಿನ ಗೋಡೆಯನ್ನು ಕೊರೆಯುತ್ತಿದ್ದಂತೆ ಗೋಡೆ ಒಡೆಯಿತು, ನೀರು ನುಗ್ಗಿತು.

ಮುಂದಿನ ಸಾಲಿನಲ್ಲಿದ್ದ ಒಂಬತ್ತು ಮಂದಿ ಗಣಿಯ ದೂರವಾಣಿಯಲ್ಲಿ ಉಳಿದವರಿಗೆ ಎಚ್ಚರಿಕೆ ಕೊಟ್ಟರು. ಆ ಒಂದು ಕರೆಯಿಂದ ಇನ್ನೊಂದು ಕಡೆಯಲ್ಲಿದ್ದ ಒಂಬತ್ತು ಜನ ಓಡಿ ಪಾರಾದರು. ಎಚ್ಚರಿಸಿದವರು ಮಾತ್ರ ಒಳಗೇ ಸಿಕ್ಕಿಬಿದ್ದರು. ಸತ್ತರೆ ದೇಹಗಳಾದರೂ ಒಟ್ಟಿಗೆ ಸಿಗಲಿ ಎಂದು ಅವರು ತಮ್ಮನ್ನು ಪರಸ್ಪರ ಕಟ್ಟಿಕೊಂಡರು. ಹೆಂಡತಿ ಮಕ್ಕಳಿಗೆ ಚೀಟಿ ಬರೆದು ಒಂದು ಬಕೆಟ್ಟಿನಲ್ಲಿ ಹಾಕಿ ಮುಚ್ಚಿಟ್ಟರು. ಮೇಲಿದ್ದವರು ಮೊದಲು ಕೈಯಗಲದ ಒಂದು ರಂಧ್ರ ಕೊರೆದು ಗಾಳಿ ಕಳುಹಿಸಿದರು. ಆ ಕೊಳವೆಯನ್ನು ಕೆಳಗಿನಿಂದ ಯಾರೋ ತಟ್ಟಿದ ಸದ್ದು ಕೇಳಿಸಿತು. ದೊಡ್ಡ ರಂಧ್ರ ಕೊರೆಯುವಾಗ ಬೈರಿಗೆ ಮುರಿದು ಗಂಟೆಗಟ್ಟಲೆ ಕೆಲಸ ನಿಂತಿತು. ಕೊನೆಗೆ ಎಪ್ಪತ್ತೇಳು ಗಂಟೆಗಳ ಬಳಿಕ, ಜುಲೈ 28ರ ನಸುಕಿನಲ್ಲಿ, ಕಬ್ಬಿಣದ ಕಿರಿದಾದ ತೊಟ್ಟಿಲಿನಲ್ಲಿ ಒಬ್ಬೊಬ್ಬರಾಗಿ ಒಂಬತ್ತು ಮಂದಿಯೂ ಜೀವಂತವಾಗಿ ಮೇಲೆ ಬಂದರು.

ಜಗತ್ತು ಸಂತೋಷಪಟ್ಟಿತು. ಆದರೆ ತನಿಖೆ ಒಂದು ಸಣ್ಣ ಪ್ರಶ್ನೆಯ ಬಳಿ ಬಂದು ನಿಂತಿತು. ನಕ್ಷೆ ಏಕೆ ತಪ್ಪಿತ್ತು? ನಿಜ ಹೇಳಬೇಕೆಂದರೆ ನಕ್ಷೆಯನ್ನು ಬರೆದವರು ಸುಳ್ಳು ಬರೆದಿರಲಿಲ್ಲ. ಆ ನಕ್ಷೆ ಬರೆದ ಮೇಲೂ ಹಳೆಯ ಗಣಿಯಲ್ಲಿ ಕೆಲಸ ಮುಂದುವರಿದಿತ್ತು. ಗಣಿ ಮುಚ್ಚುವಾಗಿನ ಕೊನೆಯ ನಕ್ಷೆ ಸರಕಾರದ ನಕ್ಷೆ ಭಂಡಾರದಲ್ಲಿ ಇರಲಿಲ್ಲ. ಅದು ವಿಂಡ್‌ಬರ್ ಎಂಬ ಊರಿನ ಕಲ್ಲಿದ್ದಲು ವಸ್ತುಸಂಗ್ರಹಾಲಯದಲ್ಲಿತ್ತು! ಯಾರದೋ ಮನೆಯ ಹಳೆಯ ಕಾಗದಗಳ ಜೊತೆ ಅಲ್ಲಿಗೆ ಸೇರಿದ್ದ ಒಂದು ಹಾಳೆ ಇರಬೇಕಾದ ಕಪಾಟಿನಲ್ಲಿ ಇದ್ದಿದ್ದರೆ ಆ ರಾತ್ರಿ ಗೋಡೆ ಒಡೆಯುತ್ತಿರಲಿಲ್ಲ.

ತರಗತಿಗೆ ಬಂದ ಗಣಿ

ಕ್ವೆಕ್ರೀಕ್‌ನಿಂದ ಹೆಚ್ಚು ದೂರವಿಲ್ಲದ ಪಿಟ್ಸ್‌ಬರ್ಗ್ ನಗರದಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯವಿದೆ. ಅಲ್ಲಿನ ಪ್ರಾಧ್ಯಾಪಕ ವಿಲಿಯಂ ವಿಟ್ಟೇಕರ್ ಅವರಿಗೆ ಮನುಷ್ಯ ಹೋಗಬಾರದ ಜಾಗಗಳು ಹೊಸತಲ್ಲ. 1979ರ ಮಾರ್ಚ್‌ನಲ್ಲಿ ಅದೇ ರಾಜ್ಯದ ತ್ರೀ ಮೈಲ್ ಐಲ್ಯಾಂಡ್ ಅಣು ವಿದ್ಯುತ್ ಸ್ಥಾವರದಲ್ಲಿ ಅಪಘಾತವಾಗಿ, ಕಟ್ಟಡದ ತಳಮಹಡಿ ವಿಕಿರಣಪೂರಿತ ನೀರಿನಿಂದ ತುಂಬಿತ್ತು. ಅಲ್ಲಿಗೆ ಕಾಲಿಡುವುದು ಸಾವನ್ನು ಆಹ್ವಾನಿಸಿದಂತೆ. 1984ರಲ್ಲಿ ವಿಟ್ಟೇಕರ್ ಮತ್ತು ಅವರ ಸಂಗಡಿಗರು ಕಟ್ಟಿದ ದೂರನಿಯಂತ್ರಿತ ಯಂತ್ರವೊಂದು ಆ ತಳಮಹಡಿಗೆ ಇಳಿದು ಒಳಗಿನ ಚಿತ್ರಗಳನ್ನು ತಂದಿತು. ರೋಬೋಟ್ ಎಂದರೆ ಸಿನಿಮಾದ ಆಟಿಕೆಯೆಂದು ಜನ ತಿಳಿದಿದ್ದ ಕಾಲದಲ್ಲಿ ಅದು ಮನುಷ್ಯನ ಬದಲಿಗೆ ಅಪಾಯಕ್ಕೆ ಇಳಿಯುವ ಕೂಲಿಯಾಗಿ ಕೆಲಸ ಮಾಡಿತ್ತು.

ಕ್ವೆಕ್ರೀಕ್ ಅಪಘಾತದ ನಂತರದ ತಿಂಗಳುಗಳಲ್ಲಿ ವಿಟ್ಟೇಕರ್ ಮತ್ತು ಅವರ ಸಹೋದ್ಯೋಗಿ ಸೆಬಾಸ್ಟಿಯನ್ ಥ್ರುನ್ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗೆ ಒಂದೇ ಸಮಸ್ಯೆಯನ್ನು ಕೊಟ್ಟರು. ನಕ್ಷೆ ಕಳೆದುಹೋದ ಗಣಿಯೊಳಗೆ ಮನುಷ್ಯ ಹೋಗುವಂತಿಲ್ಲ. ಮಾಡು ಕುಸಿಯಬಹುದು, ವಿಷಗಾಳಿ ಇರಬಹುದು, ಮಿಥೇನ್ ಅನಿಲ ಸ್ಫೋಟಿಸಬಹುದು. ಹಾಗಾದರೆ ಒಳಗೆ ಹೋಗಿ ತಾನೇ ನಕ್ಷೆ ಬರೆದುಕೊಂಡು ಬರುವ ಯಂತ್ರವನ್ನು ಕಟ್ಟಲು ಸಾಧ್ಯವೇ?

ವಿದ್ಯಾರ್ಥಿಗಳು ಕಟ್ಟಿದ ಯಂತ್ರಕ್ಕೆ ಗ್ರೌಂಡ್‌ಹಾಗ್ ಎಂದು ಹೆಸರಿಟ್ಟರು. ಅದು ಆ ಕಡೆಯ ಹೊಲಗಳಲ್ಲಿ ಬಿಲ ತೋಡಿಕೊಂಡು ಬದುಕುವ ಒಂದು ಪ್ರಾಣಿಯ ಹೆಸರು. ಯಂತ್ರದ ರಚನೆಯಲ್ಲಿ ನಾಜೂಕು ಇರಲಿಲ್ಲ. ಗುಡ್ಡಗಾಡಿನಲ್ಲಿ ಓಡಿಸುವ ನಾಲ್ಕು ಚಕ್ರದ ಎರಡು ವಾಹನಗಳ ಮುಂಭಾಗಗಳನ್ನು ಕತ್ತರಿಸಿ ಬೆನ್ನಿಗೆ ಬೆನ್ನು ಜೋಡಿಸಿದ್ದರು. ಇದರಿಂದ ಅದು ಎರಡೂ ಕಡೆಗೆ ಒಂದೇ ರೀತಿ ತಿರುಗಬಲ್ಲದಾಗಿತ್ತು. ಇಕ್ಕಟ್ಟಾದ ಸುರಂಗದಲ್ಲಿ ಹಿಂದಿರುಗಲು ಇದು ಅಗತ್ಯ. ತೂಕ ಸುಮಾರು 700 ಕಿಲೋ. ಎರಡೂ ತುದಿಗಳಲ್ಲಿ ಲೇಸರ್ ಕಿರಣ ಬಿಟ್ಟು ಅದು ಗೋಡೆಗೆ ತಾಗಿ ಮರಳುವ ಸಮಯದಿಂದ ದೂರವನ್ನು ಅಳೆಯುವ ಉಪಕರಣಗಳು, ಜೊತೆಗೆ ಅನಿಲವನ್ನು ಪತ್ತೆಹಚ್ಚುವ ಸಾಧನಗಳು ಇದ್ದವು.

ನಿಜವಾದ ಕಷ್ಟ ಬೇರೆಯೇ ಇತ್ತು. ನೆಲದಡಿಯಲ್ಲಿ ರೇಡಿಯೋ ಅಲೆಗಳು ಹೆಚ್ಚು ದೂರ ಸಾಗುವುದಿಲ್ಲ. ಉಪಗ್ರಹದ ಸಂಕೇತವೂ ಸಿಗದು. ಒಮ್ಮೆ ಒಳಗೆ ಹೋದ ಮೇಲೆ ಯಂತ್ರ ಒಂಟಿ. ತಾನು ಎಲ್ಲಿದ್ದೇನೆಂದು ತಿಳಿಯಲು ನಕ್ಷೆ ಬೇಕು, ನಕ್ಷೆ ಬರೆಯಲು ತಾನು ಎಲ್ಲಿದ್ದೇನೆಂದು ಗೊತ್ತಿರಬೇಕು. ಈ ಎರಡನ್ನೂ ಏಕಕಾಲಕ್ಕೆ ಬಿಡಿಸುವ ಗಣಿತವನ್ನು ಥ್ರುನ್ ಮತ್ತಿತರ ಸಂಶೋಧಕರು ಆ ವರ್ಷಗಳಲ್ಲಿ ಬೆಳೆಸುತ್ತಿದ್ದರು. ವಿದ್ಯಾರ್ಥಿಗಳು ಅದನ್ನು ಕೆಸರಿಗೆ ಇಳಿಸಿ ಪರೀಕ್ಷಿಸಿದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಯಂತ್ರ ಮೊದಲ ಬಾರಿಗೆ ಪಾಳುಬಿದ್ದ ಗಣಿಯೊಂದನ್ನು ಹೊಕ್ಕಿತು.

2003ರ ಮೇ 30ರಂದು ಮ್ಯಾಥೀಸ್ ಎಂಬ ಪಾಳು ಗಣಿಯ ಬಾಗಿಲಲ್ಲಿ ಗ್ರೌಂಡ್‌ಹಾಗನ್ನು ಯಾರ ನಿಯಂತ್ರಣವೂ ಇಲ್ಲದೆ ಬಿಡಲಾಯಿತು. ಅದು ಸ್ವಲ್ಪ ಮುಂದೆ ಹೋಗುವುದು, ನಿಲ್ಲುವುದು, ಸುತ್ತ ಅಳೆಯುವುದು, ದಾರಿ ಇದೆಯೇ ಎಂದು ಲೆಕ್ಕ ಹಾಕುವುದು, ಮತ್ತೆ ಮುಂದೆ ಹೋಗುವುದು. ಹೀಗೆ 308 ಮೀಟರ್ ಸಾಗಿತು. ಅಲ್ಲಿ ಮಾಡಿನ ತೊಲೆಯೊಂದು ಮುರಿದು ದಾರಿಗೆ ಅಡ್ಡವಾಗಿ ಬಿದ್ದಿತ್ತು. ದಾಟಲಾಗದು ಎಂದು ಯಂತ್ರವೇ ತೀರ್ಮಾನಿಸಿ ಹಿಂದಕ್ಕೆ ತಿರುಗಿತು. ಕಾರಿಡಾರಿನ ಕೊನೆ ಮುಟ್ಟಲಾಗಲಿಲ್ಲವೆಂಬುದು ನಿಜ. ಆದರೆ ಬಹಳ ಕಾಲದಿಂದ ಯಾರೂ ಕಾಣದಿದ್ದ ಆ ಕತ್ತಲೆಯ ನಕ್ಷೆ ಈಗ ಕಾಗದದ ಮೇಲಿತ್ತು, ಯಾವ ಮನುಷ್ಯ ಜೀವವನ್ನೂ ಪಣಕ್ಕಿಡದೆ. ಬಾಗಿಲೇ ಇಲ್ಲದ ಗಣಿಗಳಿಗಾಗಿ, ಮೇಲಿನಿಂದ ಕೊರೆದ ರಂಧ್ರದ ಮೂಲಕ ಇಳಿಬಿಡುವ ಫೆರೆಟ್ ಎಂಬ ಇನ್ನೊಂದು ಉಪಕರಣವನ್ನೂ ಇದೇ ಬಳಗ ತಯಾರಿಸಿತು.

ಇದರ ಮುಂದಿನ ಕಥೆ ಕುತೂಹಲಕರ. ಥ್ರುನ್ ಸ್ಟ್ಯಾನ್‌ಫೋರ್ಡ್‌ಗೆ ಹೋದರು. 2005ರಲ್ಲಿ ಅವರ ತಂಡದ ಚಾಲಕನಿಲ್ಲದ ಕಾರು ಅಮೆರಿಕದ ರಕ್ಷಣಾ ಇಲಾಖೆ ಏರ್ಪಡಿಸಿದ್ದ ಮರುಭೂಮಿ ಸ್ಪರ್ಧೆಯಲ್ಲಿ ಸುಮಾರು 212 ಕಿಲೋಮೀಟರ್ ಓಡಿ ಗೆದ್ದಿತು. ಎರಡನೆಯ ಮತ್ತು ಮೂರನೆಯ ಸ್ಥಾನಗಳು ವಿಟ್ಟೇಕರ್ ಅವರ ಕಾರುಗಳಿಗೆ ಬಂದವು. ಅದರ ಬಳಿಕ ಹಣವೂ ಹೆಸರೂ ಕಾರುಗಳ ಹಿಂದೆ ಓಡಿದವು. ಇಂದು ಚಾಲಕನಿಲ್ಲದ ಕಾರಿನ ಬಗ್ಗೆ ಕೇಳದವರಿಲ್ಲ, ಗ್ರೌಂಡ್‌ಹಾಗನ್ನು ಕೇಳಿದವರು ವಿರಳ. ತಂತ್ರಜ್ಞಾನ ಒಂದೇ ಆದರೂ, ಕಾರು ಕೊಳ್ಳುವವರಿಗೆ ಮಾರುಕಟ್ಟೆಯಲ್ಲಿ ಇರುವ ಬೆಲೆ ಗಣಿಗೆ ಇಳಿಯುವವರಿಗೆ ಇಲ್ಲ.

ನಮ್ಮ ನೆಲದಡಿಯ ಕಥೆ

ಪಕ್ಕದ ಪಾಳು ಗಣಿಯಿಂದ ನೀರು ನುಗ್ಗುವುದು ಅಮೆರಿಕಕ್ಕೆ ಮಾತ್ರ ಸೀಮಿತವಾದ ದುರಂತವಲ್ಲ. ನಮ್ಮ ದೇಶದಲ್ಲಿ ಅದರ ಇತಿಹಾಸ ಇನ್ನೂ ಕ್ರೂರವಾಗಿದೆ. 1975ರ ಡಿಸೆಂಬರ್ 27ರಂದು ಧನಬಾದ್ ಬಳಿಯ ಚಾಸ್ನಾಲಾ ಗಣಿಯೊಳಗೆ, ನೀರು ತುಂಬಿ ನಿಂತಿದ್ದ ಹಳೆಯ ಗಣಿಭಾಗದಿಂದ ಪ್ರವಾಹ ನುಗ್ಗಿ 370ಕ್ಕೂ ಹೆಚ್ಚು ಕಾರ್ಮಿಕರು ಸತ್ತರು. 2001ರ ಫೆಬ್ರವರಿ 2ರಂದು, ಕ್ವೆಕ್ರೀಕ್‌ಗೆ ಒಂದೂವರೆ ವರ್ಷ ಮೊದಲು, ಝರಿಯಾ ಪ್ರದೇಶದ ಬಾಗ್ದಿಗಿ ಗಣಿಗೆ ಪಕ್ಕದ ಗಣಿಯ ನೀರು ನುಗ್ಗಿತು. 29 ಮಂದಿ ಜೀವ ಕಳೆದುಕೊಂಡರು.

ಅಪರೂಪಕ್ಕೆ ಬೆಳಕೂ ಕಂಡಿದೆ. 1989ರ ನವೆಂಬರ್‌ನಲ್ಲಿ ಪಶ್ಚಿಮ ಬಂಗಾಳದ ರಾಣಿಗಂಜ್ ಬಳಿಯ ಮಹಾಬೀರ್ ಗಣಿಗೆ ನೀರು ನುಗ್ಗಿ ಆರು ಮಂದಿ ಸತ್ತು 65 ಮಂದಿ ಸಿಕ್ಕಿಬಿದ್ದಾಗ, ಜಸ್ವಂತ್ ಸಿಂಗ್ ಗಿಲ್ ಎಂಬ ಗಣಿ ಇಂಜಿನಿಯರ್ ಉಕ್ಕಿನ ಕ್ಯಾಪ್ಸೂಲ್ ಮಾಡಿಸಿ, ಕೊರೆದ ರಂಧ್ರದೊಳಗೆ ತಾವೇ ಇಳಿದರು. 65 ಮಂದಿಯನ್ನೂ ಒಬ್ಬೊಬ್ಬರಾಗಿ ಮೇಲಕ್ಕೆ ಕಳುಹಿಸಿದರು. ಕ್ವೆಕ್ರೀಕ್‌ನ ತೊಟ್ಟಿಲಿಗಿಂತ ಹದಿಮೂರು ವರ್ಷ ಮೊದಲೇ ನಮ್ಮಲ್ಲಿ ಈ ಪವಾಡ ನಡೆದಿತ್ತು. ಆದರೆ ಪಾರು ಮಾಡುವ ಸಾಹಸವನ್ನು ಕೊಂಡಾಡುವ ನಾವು, ಸಿಕ್ಕಿಬೀಳದಂತೆ ತಡೆಯುವ ನಕ್ಷೆಯ ಬಗ್ಗೆ ಅಷ್ಟು ತಲೆಕೆಡಿಸಿಕೊಂಡಿದ್ದೇವೆಯೇ? 2018ರ ಡಿಸೆಂಬರ್‌ನಲ್ಲಿ ಮೇಘಾಲಯದ ಕ್ಸಾನ್‌ನಲ್ಲಿ, ಕಾನೂನುಬಾಹಿರ ಇಲಿಬಿಲದ ಗಣಿಯಲ್ಲಿ ಹದಿನೈದು ಮಂದಿ ಮುಳುಗಿದಾಗ ಆ ಬಿಲಗಳಿಗೆ ನಕ್ಷೆಯೇ ಇರಲಿಲ್ಲ. ನೌಕಾಪಡೆಯ ನೀರೊಳಗಿನ ಯಂತ್ರ ಅಲ್ಲಿ ಹುಡುಕಬೇಕಾಗಿ ಬಂದದ್ದು ಶವಗಳನ್ನು.

ಗಣಿ ಎಂದಾಕ್ಷಣ ದೂರದ ಮಾತೆಂದು ತಿಳಿಯಬೇಕಾಗಿಲ್ಲ. ನಮ್ಮ ನಗರಗಳ ರಸ್ತೆಯಡಿಯಲ್ಲೂ ಮನುಷ್ಯರು ಇಳಿದು ಮರಳಿ ಬಾರದ ಗುಂಡಿಗಳಿವೆ. 2015ರ ನವೆಂಬರ್‌ನಲ್ಲಿ ಕೇರಳದ ಕೋಝಿಕ್ಕೋಡ್‌ನಲ್ಲಿ ಇಬ್ಬರು ಕಾರ್ಮಿಕರು ಮ್ಯಾನ್‌ಹೋಲ್‌ನೊಳಗೆ ಪ್ರಜ್ಞೆ ತಪ್ಪಿದರು. ಅವರನ್ನು ಕಾಪಾಡಲು ನೌಷಾದ್ ಎಂಬ ಆಟೋ ಚಾಲಕ ಇಳಿದರು. ಮೂವರೂ ಉಳಿಯಲಿಲ್ಲ. ನೌಷಾದ್‌ಗೆ ಅವರು ಯಾರೆಂದೂ ಗೊತ್ತಿರಲಿಲ್ಲ.

ಮಲಪ್ಪುರಂ ಜಿಲ್ಲೆಯ ಕುಟ್ಟಿಪ್ಪುರಂನಲ್ಲಿ ಮುಸ್ಲಿಂ ಎಜುಕೇಷನಲ್ ಸೊಸೈಟಿಯ ಇಂಜಿನಿಯರಿಂಗ್ ಕಾಲೇಜೊಂದಿದೆ. ಅಲ್ಲಿನ ಕೆಲವು ವಿದ್ಯಾರ್ಥಿಗಳು ರೋಬೋಟ್‌ಗಳ ಹುಚ್ಚು ಹಿಡಿಸಿಕೊಂಡು, ಮನುಷ್ಯ ತೊಟ್ಟುಕೊಳ್ಳುವ ಯಾಂತ್ರಿಕ ಕವಚಗಳ ಪ್ರಾಜೆಕ್ಟ್‌ನಲ್ಲಿ ತೊಡಗಿದ್ದರು. ಕೋಝಿಕ್ಕೋಡ್‌ನ ಸಾವುಗಳು ಅವರ ಪ್ರಶ್ನೆಯನ್ನೇ ಬದಲಿಸಿದವು. ಓದು ಮುಗಿಸಿ ನೌಕರಿ ಸೇರಿದ್ದವರು ಅದನ್ನು ಬಿಟ್ಟು ಬಂದು ಜೆನ್‌ರೋಬೋಟಿಕ್ಸ್ ಎಂಬ ಸಂಸ್ಥೆಯನ್ನು ಕಟ್ಟಿ, ಮ್ಯಾನ್‌ಹೋಲ್‌ಗೆ ಇಳಿಯುವ ಯಂತ್ರವನ್ನು ತಯಾರಿಸಿದರು. ಕ್ಯಾಮರಾ ಮತ್ತು ಕೈಗಳಿರುವ ಜೇಡದಾಕಾರದ ಭಾಗ ಗುಂಡಿಯೊಳಗೆ ಇಳಿದು ಹೂಳನ್ನು ಎತ್ತುತ್ತದೆ. ಕಾರ್ಮಿಕ ಮೇಲೆ ನಿಂತು ಪರದೆ ನೋಡಿ ಅದನ್ನು ನಡೆಸುತ್ತಾನೆ. 2018ರ ಫೆಬ್ರವರಿಯಲ್ಲಿ ತಿರುವನಂತಪುರದಲ್ಲಿ ಅದು ಕೆಲಸಕ್ಕಿಳಿಯಿತು. ಹೆಸರು ಬ್ಯಾಂಡಿಕೂಟ್, ಅಂದರೆ ಹೆಗ್ಗಣ. ಪಿಟ್ಸ್‌ಬರ್ಗ್‌ನ ವಿದ್ಯಾರ್ಥಿಗಳೂ ಕುಟ್ಟಿಪ್ಪುರಂನ ವಿದ್ಯಾರ್ಥಿಗಳೂ ತಮ್ಮ ಯಂತ್ರಕ್ಕೆ ಬಿಲದ ಪ್ರಾಣಿಯ ಹೆಸರನ್ನೇ ಇಟ್ಟದ್ದು ಕಾಕತಾಳೀಯ ಇರಬಹುದು. ಆದರೆ ಎರಡೂ ಯಂತ್ರಗಳ ಹುಟ್ಟಿನಲ್ಲಿ ಗುಂಡಿಗೆ ಇಳಿದ ಮನುಷ್ಯರಿದ್ದಾರೆ ಎಂಬುದು ಕಾಕತಾಳೀಯವಲ್ಲ.

ಕರ್ನಾಟಕದಲ್ಲಿ ಇಂಥ ಚಿಂತನೆಗೆ ಬುನಾದಿ ಹಿಂದೆಯೇ ಬಿದ್ದಿತ್ತು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿ ಅವರು ಅಸ್ತ್ರ ಎಂಬ ಕೇಂದ್ರವನ್ನು ಆರಂಭಿಸಿದರು. ಹಳ್ಳಿಯ ಹೆಂಗಸು ಒಲೆಯ ಮುಂದೆ ನುಂಗುವ ಹೊಗೆಯೂ ಇಂಧನ ವಿಜ್ಞಾನದ ಪ್ರಶ್ನೆಯೇ ಎಂದು ಆ ಕೇಂದ್ರ ತೋರಿಸಿಕೊಟ್ಟಿತು. ಅದರ ಬೆನ್ನಿಗೇ ಸ್ಥಾಪನೆಯಾದ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1977ರಿಂದ ಇಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಿಗೆ ನೆರವು ನೀಡುತ್ತಾ ಬಂದಿದೆ. ಕಾಲೇಜಿನ ಕಲಿಕೆ ರಾಜ್ಯದ ಜನರ ಸಮಸ್ಯೆಗಳನ್ನು ಮುಟ್ಟಬೇಕೆಂಬುದೇ ಅದರ ಆಶಯ.

ಆದರೆ ಇಂದು ನಮ್ಮ ನಗರಗಳಲ್ಲಿ ಪ್ರಾಜೆಕ್ಟ್‌ಗಳು ಅಂಗಡಿಯಲ್ಲಿ ಸಿಗುತ್ತವೆ. ಹಣ ಕೊಟ್ಟರೆ ಯಂತ್ರ, ವರದಿ, ಪ್ರಶ್ನೆಗೆ ಹೇಳಬೇಕಾದ ಉತ್ತರ ಎಲ್ಲವೂ ಒಂದೇ ಕಟ್ಟಿನಲ್ಲಿ ಬರುತ್ತದೆ. ಕಳೆದ ವರ್ಷದ್ದು ಈ ವರ್ಷ ಬಣ್ಣ ಬದಲಿಸಿ ಬರುವುದೂ ಉಂಟು. ಇದಕ್ಕೆ ವಿದ್ಯಾರ್ಥಿಗಳನ್ನು ಮಾತ್ರ ದೂರುವುದು ಅನ್ಯಾಯ. ಮನೆಯಲ್ಲಿ ಅಂಕ ಕೇಳುತ್ತಾರೆ, ಕಾಲೇಜಿನಲ್ಲಿ ಉದ್ಯೋಗದ ಪ್ರಮಾಣ ಕೇಳುತ್ತಾರೆ. ಈ ಯಂತ್ರ ಯಾರಿಗಾಗಿ ಎಂದು ಕೇಳುವವರು ಯಾರು?

ಕೋಲಾರದ ಚಿನ್ನದ ಗಣಿ 2001ರ ಫೆಬ್ರವರಿಯಲ್ಲಿ ಮುಚ್ಚಿತು. ಮೂರು ಕಿಲೋಮೀಟರ್‌ಗೂ ಆಳದ ಆ ಸುರಂಗಗಳಲ್ಲಿ ನೀರು ತುಂಬಿತು. ಅಲ್ಲಿ ಸಿಡಿದ ಬಂಡೆಗಳಿಗೆ ಸಿಕ್ಕಿ ಸತ್ತವರ, ಶ್ವಾಸಕೋಶದ ತುಂಬ ಕಲ್ಲಿನ ಧೂಳು ಹೊತ್ತು ಮನೆಗೆ ಹೋದವರ ಮಕ್ಕಳು ಮೊಮ್ಮಕ್ಕಳು ಇಂದು ಬೆಂಗಳೂರಿಗೆ ರೈಲಿನಲ್ಲಿ ದುಡಿಯಲು ಹೋಗುತ್ತಾರೆ. ಅವರಲ್ಲಿ ಇಂಜಿನಿಯರಿಂಗ್ ಕಲಿಯುವವರೂ ಇದ್ದಾರೆ. ಪ್ರಾಜೆಕ್ಟ್‌ಗೆ ವಿಷಯ ಹುಡುಕಲು ಅವರು ಅಂಗಡಿಗೆ ಹೋಗಬೇಕಾಗಿಲ್ಲ. ಮನೆಯ ಹಿರಿಯರನ್ನು ಕೇಳಿದರೂ ಸಾಕು.

ಯಂತ್ರವೇ ಎಲ್ಲವನ್ನೂ ಮಾಡುತ್ತದೆಂಬ ಭ್ರಮೆಯೂ ಬೇಡ. 2023ರ ನವೆಂಬರ್‌ನಲ್ಲಿ ಉತ್ತರಾಖಂಡದ ಸಿಲ್ಕ್ಯಾರಾ ಸುರಂಗದಲ್ಲಿ 41 ಕಾರ್ಮಿಕರು ಸಿಲುಕಿದ್ದಾಗ ಭಾರಿ ಕೊರೆಯುವ ಯಂತ್ರ ಮುರಿದು ನಿಂತಿತು. ಕೊನೆಯ ಕೆಲವು ಮೀಟರ್‌ಗಳನ್ನು ಕೊಳವೆಯೊಳಗೆ ತೆವಳಿ ಕೈಯಿಂದಲೇ ಅಗೆದವರು ಇಲಿಬಿಲದ ಗಣಿಗಾರಿಕೆಯ ಕೆಲಸ ಬಲ್ಲ ಬಡ ಕೂಲಿಗಳು. ಆ ಕೈಗಳಿಗೆ ನಾವು ಹಾರ ಹಾಕಿದೆವು, ಚಪ್ಪಾಳೆ ತಟ್ಟಿದೆವು. ಅವರ ಋಣ ಅದರಿಂದ ತೀರುವುದಿಲ್ಲ. ಅಂಥ ಕೈಗಳು ಇನ್ನು ಮುಂದೆ ಬಿಲಕ್ಕೆ ಇಳಿಯಬೇಕಾಗಿ ಬಾರದಂತೆ ಮಾಡುವ ಕೆಲಸ ಬಾಕಿ ಇದೆ. ಅದು ನಮ್ಮ ಕಾಲೇಜುಗಳ ಯಾವುದಾದರೊಂದು ಪ್ರಯೋಗಾಲಯದಲ್ಲಿ, ಅಂತಿಮ ವರ್ಷದ ನಾಲ್ಕು ಮಂದಿ ಮಕ್ಕಳಿಂದ ಶುರುವಾಗಬಹುದು.